ಬ್ರೆಡ್ ಗಾಡಿಯ ಸೀದ ವಾಸನೆ

ಆ ಮನೆಯಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಬ್ರೆಡ್ಡಿಗೆ ಇರಲಿಲ್ಲ. ಅಪ್ಪ ಮೂವತ್ತು ವರ್ಷದಿಂದ ಒಂದೇ ಬೇಕರಿಯ ಬ್ರೆಡ್ಡನ್ನು ತನ್ನ ಪಿಕಪ್ ಗಾಡಿಯಲ್ಲಿ ಅಂಗಡಿ ಅಂಗಡಿಗೆ ಹಾಕಿಕೊಂಡು ಬಂದವನು. ಮಾರಾಟವಾಗದೆ ವಾಪಸಾದದ್ದರಲ್ಲಿ ಎರಡು ಪೌಂಡು ದಿನಾ ಮನೆಗೆ ಬರುತ್ತಿತ್ತು. ಅಮ್ಮ ಅದನ್ನು ಮೊಟ್ಟೆಯಲ್ಲಿ ಅದ್ದಿ ಹುರಿಯುವಳು, ಹಾಲಿನಲ್ಲಿ ನೆನೆಸುವಳು, ಪುಡಿ ಮಾಡಿ ಆಲೂಗಡ್ಡೆಗೆ ಬೆರೆಸುವಳು. ತಟ್ಟೆಗೆ ಏನೇ ಬಿದ್ದರೂ ಅದರೊಳಗೆ ಬ್ರೆಡ್ ಅಡಗಿ ಕೂತಿರುತ್ತಿತ್ತು.

"ಇನ್ನು ಸ್ವಲ್ಪ ದಿನಕ್ಕೆ ನಮ್ಮ ಮೈಯಲ್ಲಿ ರಕ್ತದ ಬದಲು ಈಸ್ಟ್ ಹರಿಯುತ್ತೆ" ಎಂದು ಅಣ್ಣ ಗೊಣಗುತ್ತಿದ್ದ. ಗೊಣಗುತ್ತಲೇ ನಾಲ್ಕು ತುಂಡು ಮುಗಿಸುತ್ತಿದ್ದ.

ಅಂಥವನು ಒಂದು ಸಂಜೆ ಬಾಯಿಗಿಟ್ಟ ತುಂಡನ್ನು ತಟ್ಟೆಗೆ ಉಗುಳಿದ.

"ಸೀದಿದೆ."

"ಎಲ್ಲಿ ಸೀದಿದೆ? ಬಾಣಲೆ ಇನ್ನೂ ಒಲೆ ಮೇಲೇ ಇಟ್ಟಿಲ್ಲ. ಬರೀ ಬ್ರೆಡ್ ಅದು" ಎಂದಳು ಅಮ್ಮ.

ಮಗಳು ಒಂದು ತುಂಡು ಎತ್ತಿ ಮೂಸಿದಳು. ಬಿಳಿ ಬ್ರೆಡ್ಡು, ಎಲ್ಲೂ ಕಪ್ಪಾಗಿರಲಿಲ್ಲ. ಆದರೂ ಒಳಗಿನಿಂದ ಕಮಟು ವಾಸನೆ ಬರುತ್ತಿತ್ತು. ಆ ವಾಸನೆ ಅವಳಿಗೆ ಹೊಸದಲ್ಲ. ವಾರದಿಂದ ಮಧ್ಯಾಹ್ನ ಗಾಡಿಯ ಬಾಗಿಲು ತೆಗೆದಾಗಲೆಲ್ಲ ಮೂಗಿಗೆ ಬಡಿಯುತ್ತಿದ್ದದ್ದು ಅದೇ.

"ಇದು ಒಲೆಯದಲ್ಲಮ್ಮ, ಗಾಡಿಯದು" ಎಂದಳು.

"ಗಾಡೀಲಿ ಏನೂ ಇಲ್ಲ. ನನಗೆ ಯಾವ ವಾಸನೆಯೂ ಬಂದಿಲ್ಲ" ಎಂದ ಅಪ್ಪ, ತಲೆ ಎತ್ತದೆ.

ಅಪ್ಪನ ಮೂಗು ಬ್ರೆಡ್ಡಿನ ವಾಸನೆಯಲ್ಲೇ ಮೂವತ್ತು ವರ್ಷ ನೆಂದು ಕೆಲಸ ಬಿಟ್ಟಿತ್ತು. ಇದು ಅವನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಮಗಳು ಗಂಡನ ಮನೆ ಬಿಟ್ಟು ಎರಡು ಬ್ಯಾಗು ಹಿಡಿದು ಬಂದು ವರ್ಷವಾಗುತ್ತಾ ಬಂದಿತ್ತು. ಹುಟ್ಟಿದಾಗ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳೆಂದು ಅಪ್ಪ ಅವಳಿಗೆ ಹಾರನ್ ಎಂದು ಹೆಸರಿಟ್ಟಿದ್ದ. ಬಂದ ಹೊಸದರಲ್ಲಿ ಆ ಹಾರನ್ನಿಂದ ಸದ್ದೇ ಇಲ್ಲ. ಮೂಲೆ ಹಿಡಿದು ಕೂತುಬಿಟ್ಟಿದ್ದಳು. ಆಗ ಅವಳನ್ನು ಎಬ್ಬಿಸಿ ಕೈಗೆ ಸ್ಟೀರಿಂಗ್ ಕೊಟ್ಟವನೂ ಅಪ್ಪನೇ. ಖಾಲಿ ಮೈದಾನದಲ್ಲಿ ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು, "ಗೇರ್ ಬಿತ್ತಾ? ಇನ್ನು ಎಡಗಾಲಿಗೆ ಕ್ಲಚ್ ಮೇಲೆ ಕೆಲಸ ಇಲ್ಲ, ತೆಗಿ" ಎಂದು ಗದರಿ ಗದರಿ ಕಲಿಸಿದ. ಈಗ ಮೂರು ತಿಂಗಳಿಂದ ಬೆಳಿಗ್ಗೆ ಅಪ್ಪನ ಬ್ರೆಡ್ ಮುಗಿದ ಮೇಲೆ ಮಧ್ಯಾಹ್ನ ಗಾಡಿ ಅವಳದು. ಮರದ ಸಾಮಾನಿನ ಅಂಗಡಿಯಿಂದ ಮಂಚ, ಬೀರು, ಮೇಜುಗಳನ್ನು ಜನರ ಮನೆಗೆ ಮುಟ್ಟಿಸುತ್ತಿದ್ದಳು. ಅಣ್ಣನ ಅನ್ನ ತಿನ್ನುತ್ತಿದ್ದೇನೆ ಎಂಬ ಸಂಕಟ ಆ ಮೂರು ತಿಂಗಳಿಂದ ಅವಳ ಗಂಟಲಿನಿಂದ ಇಳಿದಿತ್ತು. ಆ ಸೀಟು ಹೋದರೆ ಮತ್ತೆ ಆ ಮೂಲೆಯೇ ಗತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣ ಕಬ್ಬಿಣದ ಅಂಗಡಿಯಲ್ಲಿ ಗೋದಾಮು ನೋಡಿಕೊಳ್ಳುವವನು. ಹಳೇ ಗಾಡಿ ಮಾರಬೇಕೆಂದು ಎರಡು ವರ್ಷದಿಂದ ಜಪ ಮಾಡುತ್ತಿದ್ದವನಿಗೆ ಈ ವಾಸನೆ ಒಳ್ಳೇ ನೆಪವಾಯಿತು.

"ಬೆಂಕಿ ಹತ್ತೋ ಮುಂಚೆ ಮಾರಿ. ಹತ್ತಿದ ಮೇಲೆ ಕೊಳ್ಳೋರು ಸಿಗಲ್ಲ" ಎಂದ.

ಮರುದಿನ ಮಗಳು ಗಾಡಿಯ ಕೆಳಗೆ ಗೋಣಿಚೀಲ ಹಾಸಿ ನುಗ್ಗಿದಳು. ಸೈಲೆನ್ಸರ್ ಕೊಳವೆಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡು ಕರಗಿ ಕಪ್ಪು ಅಂಟಾಗಿತ್ತು. ಹಳೇ ಚಾಕುವಿನಿಂದ ಕೆರೆದು ತೆಗೆದು, ಕೈಯೆಲ್ಲ ಮಸಿ ಮಾಡಿಕೊಂಡು ಹೊರಬಂದು ಗೆದ್ದವಳ ಹಾಗೆ ತೋರಿಸಿದಳು.

"ಇಷ್ಟಕ್ಕೆ ಊರೆಲ್ಲ ಒಂದು ಮಾಡಿದ್ರಿ" ಎಂದು ಅಪ್ಪ ನಕ್ಕ. ಅಮ್ಮನೂ ಅಣ್ಣನೂ ನಕ್ಕರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಆ ತಿಂಗಳಲ್ಲಿ ಅದೊಂದೇ ಸಲ.

ನಾಲ್ಕನೇ ದಿನ ಆಸ್ಪತ್ರೆಯ ಕ್ಯಾಂಟೀನಿನವನು ಇಪ್ಪತ್ತು ಪೌಂಡು ವಾಪಸು ಕಳಿಸಿದ. ರೋಗಿಗಳು ಮೂಗು ಮುಚ್ಚಿಕೊಳ್ಳುತ್ತಾರಂತೆ. ಬೇಕರಿ ಯಜಮಾನ ಅಪ್ಪನನ್ನು ಕೂರಿಸಿಕೊಂಡು ಮೆತ್ತಗೇ ಹೇಳಿದ. ಗಾಡೀನ ಗ್ಯಾರೇಜಿಗೆ ತೋರಿಸಿ, ನಮ್ಮ ಹೆಸರು ಕೆಡುತ್ತೆ, ಇನ್ನೊಂದು ಗಾಡಿ ನೋಡೋ ಹಾಗೆ ಮಾಡಬೇಡಿ.

ಅಪ್ಪ ಮಗಳು ಇಬ್ಬರೂ ಗಾಡಿಯನ್ನು ಮೂಗಣ್ಣನ ಗ್ಯಾರೇಜಿಗೆ ಒಯ್ದರು. ಬಾನೆಟ್ ತೆಗೆಯುವ ಮೊದಲೇ ಮೂಸಿ ರೋಗ ಹೇಳುವ ಮೆಕ್ಯಾನಿಕ್ಕಿಗೆ ಆ ಹೆಸರು ತಾನಾಗಿ ಬಂದಿತ್ತು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ. ಎಂಜಿನ್ನಿನ ಮುಚ್ಚಳದ ಅಂಚಿನಿಂದ ಆಯಿಲ್ ಜಿನುಗಿ ಬಿಸಿ ಕೊಳವೆಯ ಮೇಲೆ ಬೀಳುತ್ತಿತ್ತು. ಅದರ ವಾಷರ್ ಬದಲಿಸಿದ. ಆದರೂ ಅವನ ಮುಖ ಬಿಚ್ಚಿಕೊಳ್ಳಲಿಲ್ಲ.

"ಆಯಿಲ್ ಸುಟ್ರೆ ಹೊಗೆ ನೀಲಿಗೆ ಬರುತ್ತೆ, ಜಿಡ್ಡು ವಾಸನೆ. ವೈರ್ ಸುಟ್ರೆ ಕಣ್ಣಿಗೆ ಹೊಡೆಯುತ್ತೆ. ಇದು ಅವೆರಡೂ ಅಲ್ಲ" ಎಂದ.

ಫ್ಯೂಸುಗಳ ಡಬ್ಬಿ ಬಿಚ್ಚಿ ನೋಡಿದ. ಬ್ರೇಕು ಹಿಡಿದುಕೊಂಡಿದೆಯೋ ಎಂದು ನಾಲ್ಕೂ ಚಕ್ರಗಳಿಗೆ ಹಿಂಗೈ ಸೋಕಿಸಿದ, ಯಾವುದೂ ಸುಡುತ್ತಿರಲಿಲ್ಲ. ಕೊನೆಗೆ ತಾನೇ ಒಳಗೆ ಕೂತು, ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಗಾಡಿ ಸರಿ ಇದ್ದರೆ ಎಂಜಿನ್ ಅಲ್ಲೇ ಕೆಮ್ಮಿ ನಿಂತುಹೋಗಬೇಕು. ಇದು ನಿಲ್ಲಲಿಲ್ಲ. ಗುರ್ ಎನ್ನುತ್ತಲೇ ಇತ್ತು. ಕ್ಷಣದಲ್ಲಿ ಸೀದ ವಾಸನೆ ಗ್ಯಾರೇಜೆಲ್ಲ ಹರಡಿತು.

"ಸಿಕ್ತು ನೋಡಿ. ಕ್ಲಚ್ ಪ್ಲೇಟು ಹಿಡೀತಾ ಇಲ್ಲ, ಜಾರ್ತಾ ಇದೆ. ಉಜ್ಜಿ ಉಜ್ಜಿ ಸುಡ್ತಾ ಇದೆ."

ಸಂಜೆಯ ಹೊತ್ತಿಗೆ ಪ್ಲೇಟು ಹೊರಬಂತು. ಮೊಳೆಗಳು ಕಾಣುವಷ್ಟು ಸವೆದಿತ್ತು.

"ಯಜಮಾನ್ರೇ, ಇದು ಇನ್ನೂ ಎರಡು ವರ್ಷ ಬರಬೇಕಿತ್ತು. ಯಾರೋ ಕ್ಲಚ್ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾ ಇದ್ದಾರೆ."

ಅಪ್ಪ ಮಗಳ ಕಡೆ ಗಲ್ಲದಲ್ಲೇ ಸನ್ನೆ ಮಾಡಿದ, ಅಷ್ಟೇ. ಮೂಗಣ್ಣ ಅವಳನ್ನು ನೋಡಿ, "ಹೊಸಬರಿಗೆ ಆಗುತ್ತೆ ಬಿಡಮ್ಮ" ಎಂದ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನನ್ನು ಬಿಟ್ಟು ಮೂರು ತಿಂಗಳಿನವಳ ಕಾಲನ್ನು ಅನುಮಾನಿಸುವುದು ಯಾವ ಮೆಕ್ಯಾನಿಕ್ಕಿಗಾದರೂ ಸುಲಭ.

ಮಗಳಿಗೆ ಕಿವಿಯವರೆಗೂ ಬಿಸಿ ಹತ್ತಿತು.

ಹೊಸ ಪ್ಲೇಟಿಗೆ ಅಣ್ಣ ದುಡ್ಡು ಕೊಟ್ಟ. ಕೊಟ್ಟದ್ದನ್ನು ಊಟದ ಹೊತ್ತಿಗೆ ಬಡ್ಡಿ ಸಮೇತ ವಸೂಲಿ ಮಾಡಿದ.

"ಡ್ರೈವಿಂಗ್ ಅಂದ್ರೆ ಸೌಟು ತಿರುವಿದ ಹಾಗಲ್ಲ."

"ನಾನು ಕಾಲಿಡಲ್ಲ ಅಣ್ಣ. ಆಣೆ ಮಾಡ್ಲಾ?"

"ಆಣೆಗೆ ಪ್ಲೇಟು ಬರುತ್ತಾ?"

"ಅಪ್ಪಾ, ನೀನೇ ಹೇಳು. ನೀನೇ ತಾನೇ ಕಲಿಸಿದ್ದು?"

ಅಪ್ಪ ಬೇಳೆಯನ್ನು ಅನ್ನಕ್ಕೆ ಕಲಸುತ್ತಾ ಇದ್ದ. "ಕಲಿಸಿದ್ದೀನಿ. ಕಲಿತಿದ್ದೀಯೋ ಇಲ್ವೋ ನನಗೇನು ಗೊತ್ತು? ನಾನು ಪಕ್ಕದಲ್ಲಿ ಇರ್ತೀನಾ?"

"ಊಟದ ಮುಂದೆ ಬೇಡ" ಎಂದಳು ಅಮ್ಮ, ಎಲ್ಲರ ತಟ್ಟೆಗೂ ಬೇಡವೆಂದರೂ ಸೊಪ್ಪು ಬಡಿಸುತ್ತಾ.

ಮಗಳು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡಳು. ಅದಕ್ಕಿಂತ ಕೆಟ್ಟದ್ದೆಂದರೆ, ಅವಳಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಗೊತ್ತಿಲ್ಲದೆ ಇಡುತ್ತಿದ್ದೇನೋ ಏನೋ! ಅಂದಿನಿಂದ ಗೇರ್ ಬದಲಿಸುವಾಗ ಬಿಟ್ಟು ಉಳಿದ ಹೊತ್ತೆಲ್ಲ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡೇ ಓಡಿಸತೊಡಗಿದಳು. ಬೀರು ಇಳಿಸಲು ಕೆಳಗಿಳಿದಾಗ ಕಾಲು ಜೋಮು ಹಿಡಿದು ಕುಂಟುತ್ತಿದ್ದಳು. ಅಂಗಡಿಯವನು, "ಏನಮ್ಮ, ಮಂಚ ಮೈಮೇಲೆ ಬಿತ್ತಾ?" ಎಂದು ತಮಾಷೆ ಮಾಡಿದ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ.

"ಇನ್ನೊಂದು ಎಲ್ಲಿ ರೀ?" ಎಂದಳು ಅಮ್ಮ.

ಅಪ್ಪ ಕೆಳಗೆ ನೋಡಿಕೊಂಡ. ಎಡಗಾಲು ಬರಿದಾಗಿತ್ತು, ಧೂಳು ಹತ್ತಿತ್ತು. ಒಂದು ಗಳಿಗೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ, "ಬಾರು ಕಿತ್ತುಹೋಯ್ತು, ಬೇಕರೀಲೇ ಬಿಸಾಕಿ ಬಂದೆ" ಎಂದ.

"ಒಂದನ್ನ ಬಿಸಾಕಿ ಒಂದನ್ನ ಹಾಕ್ಕೊಂಡು ಬಂದ್ರಾ? ಜಿಪುಣತನಕ್ಕೂ ಒಂದು ಮಿತಿ ಬೇಕು" ಎಂದು ಅಮ್ಮ ನೆರೆಮನೆಯವರಿಗೆಲ್ಲ ಹೇಳಿಕೊಂಡು ನಕ್ಕಳು. ಮರುದಿನ ಅಪ್ಪ ಲೇಸು ಕಟ್ಟುವ ಬೂಟು ಕೊಂಡು ತಂದ. ಹುಟ್ಟಿದಾಗಿನಿಂದ ಬೂಟು ಹಾಕದವನು ಈಗ ಮೊದಲೇ ಎದ್ದು, ಹೊಸಿಲ ಮೇಲೆ ಕೂತು, ಬಿಗಿಯಾಗಿ ಎರಡೆರಡು ಗಂಟು ಹಾಕಿಕೊಳ್ಳುತ್ತಿದ್ದ.

ಹೊಸ ಪ್ಲೇಟು ಹಾಕಿಸಿ ಮೂರು ವಾರವೂ ಆಗಿರಲಿಲ್ಲ, ವಾಸನೆ ಮತ್ತೆ ಬಂತು. ಮೂಗಣ್ಣ ಈ ಸಲ ಗಾಡಿಗಿಂತ ಹೆಚ್ಚಾಗಿ ಮನುಷ್ಯರನ್ನು ನೋಡಿದ.

"ಇಬ್ಬರು ಓಡಿಸೋ ಗಾಡೀಲಿ ತಪ್ಪು ಯಾರದು ಅಂತ ದೇವರಿಗೂ ಗೊತ್ತಾಗಲ್ಲ. ಒಂದು ವಾರ ಒಬ್ಬರೇ ಓಡಿಸಿ. ವಾಸನೆ ನಿಂತ್ರೆ ಇನ್ನೊಬ್ಬರ ಕಾಲು."

"ಸರಿ. ಇವಳು ಇಳೀಲಿ" ಎಂದ ಅಪ್ಪ, ಒಂದು ಕ್ಷಣವೂ ತಡಮಾಡದೆ.

"ನೀನು ಇಳಿದ್ರೂ ಅದೇ ಲೆಕ್ಕ ತಾನೇ?" ಎಂದಳು ಮಗಳು.

"ನಾನು ಇಳಿದ್ರೆ ಬ್ರೆಡ್ಡು ನಡೆದುಕೊಂಡು ಹೋಗುತ್ತಾ?"

ಮಗಳು ಇಳಿದಳು. ಮರದ ಸಾಮಾನಿನ ಅಂಗಡಿಗೆ ಹೋಗಿ ಒಂದು ವಾರ ಬರಲಾಗುವುದಿಲ್ಲ ಎಂದಳು. ಅಂಗಡಿಯವನು ಒಳ್ಳೆಯವನೇ. ಆದರೆ ಮಂಚ ಕೊಂಡವರು ನೆಲದ ಮೇಲೆ ಮಲಗಿ ಕಾಯುತ್ತಾರೆಯೇ? ಮೂರನೇ ದಿನ ಇನ್ನೊಬ್ಬನ ಗಾಡಿ ಅಲ್ಲಿ ನಿಂತಿತ್ತು. ಅವಳು ಎದುರು ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಅದನ್ನು ನೋಡಿದಳು, ಮನೆಗೆ ಬಂದು ಬಚ್ಚಲು ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದವಳನ್ನು ಅಮ್ಮ ಕೈ ಹಿಡಿದು ಎಬ್ಬಿಸಬೇಕಾಯಿತು.

ಅವಳು ಇಳಿದರೂ ವಾಸನೆ ಇಳಿಯಲಿಲ್ಲ. ಐದನೇ ದಿನ ಆಸ್ಪತ್ರೆಯಿಂದ ಮತ್ತೆ ಬ್ರೆಡ್ಡು ವಾಪಸು.

"ಈಗೇನಂತೀಯ ಅಪ್ಪ? ನಾನು ಗಾಡಿ ಮುಟ್ಟಿ ಐದು ದಿನ ಆಯ್ತು."

"ನೀನು ಕೆಡಿಸಿಟ್ಟಿದ್ದು ಐದು ದಿನಕ್ಕೆ ಸರಿಹೋಗುತ್ತಾ?"

ಹಾರನ್ ಆ ದಿನ ನಿಜವಾಗಿ ಹಾರನ್ನೇ ಆದಳು. "ಎಲ್ಲಾ ಗೂಬೇನೂ ನನ್ನ ತಲೆ ಮೇಲೇ ಕೂರಿಸು! ಗಂಡನ ಮನೇಲೂ ಹಾಗೇ, ಇಲ್ಲೂ ಹಾಗೇ! ನಾಳೆ ನಿನ್ನ ಜೊತೆ ನಾನು ಬರ್ತೀನಿ."

"ಮುಂದಿನ ಸೀಟಲ್ಲಿ ಬನ್ನಿನ ಟ್ರೇ ಇರುತ್ತೆ. ಕೂರಕ್ಕೆ ಜಾಗ ಇಲ್ಲ."

ಅದು ನಿಜ. ಮೆತ್ತಗಿನ ಬನ್ನು ಹಿಂದೆ ಹಾಕಿದರೆ ಅಪ್ಪಚ್ಚಿಯಾಗುತ್ತದೆಂದು ಅಪ್ಪ ಮುಂದಿನ ಸೀಟನ್ನು ಅದಕ್ಕೇ ಮೀಸಲಿಟ್ಟಿದ್ದ. ಹಾಗಾಗಿ ಬ್ರೆಡ್ ಹಾಕುವ ಹೊತ್ತಿನಲ್ಲಿ ಅವನ ಪಕ್ಕ ಯಾರೂ ಕೂತದ್ದೇ ಇಲ್ಲ.

"ಟ್ರೇ ನನ್ನ ತೊಡೆ ಮೇಲೆ ಇಟ್ಕೊತೀನಿ" ಎಂದಳು ಮಗಳು.

ಬೆಳಕು ಹರಿಯುವ ಹೊತ್ತಿಗೆ ಗಾಡಿ ಬೇಕರಿ ಬಿಟ್ಟಿತು. ತೊಡೆಯ ಮೇಲಿನ ಟ್ರೇ ಬೆಚ್ಚಗಿತ್ತು. ಮೊದಲ ಹತ್ತು ಅಂಗಡಿಗಳವರೆಗೆ ಅಪ್ಪ ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಿದ್ದ. ಎಲ್ಲಿ ಗುಂಡಿ, ಎಲ್ಲಿ ನಾಯಿ ಅಡ್ಡ ಬರುತ್ತದೆ ಎಲ್ಲವೂ ಅವನಿಗೆ ಬಾಯಿಪಾಠ. ಆಸ್ಪತ್ರೆಯ ಏರು ಬರುವ ಹೊತ್ತಿಗೆ ಬನ್ನೆಲ್ಲ ಮುಗಿದು, ಹಿಂದೆ ಬ್ರೆಡ್ ಮಾತ್ರ ಉಳಿದು, ಅವಳ ತೊಡೆ ಹಗುರವಾಯಿತು. ಆಗ ವಾಸನೆ ಬಂತು. ಅವಳು ಬಗ್ಗಿ ನೋಡಿದಳು.

ಅಪ್ಪನ ಎಡಗಾಲು ಕ್ಲಚ್ಚಿನ ಮೇಲಿತ್ತು. ಸುಮ್ಮನೆ ತಾಗಿಕೊಂಡಿರಲಿಲ್ಲ, ಬೂಟಿನ ಪೂರಾ ಭಾರ ಪೆಡಲಿನ ಮೇಲೆ ಬಿದ್ದಿತ್ತು.

ಅವಳಿಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡುವುದು ಬೇಡ. ತಿಂಗಳಿಂದ ತಿಂದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು.

"ಅಪ್ಪಾ! ಕಾಲು ತೆಗಿ!"

"ಯಾವ ಕಾಲು?"

"ಎಡಗಾಲು. ಕ್ಲಚ್ ಮೇಲಿಂದ ತೆಗಿ."

"ಎಲ್ಲಿದೆ ಕ್ಲಚ್ ಮೇಲೆ? ಕೆಳಗೇ ಇದೆಯಲ್ಲ" ಎಂದ ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳುವಾಗ ಅಪ್ಪನ ದನಿ ಏರುತ್ತದೆಂದು ಅವಳಿಗೆ ಗೊತ್ತು. ಇದು ಏರಿರಲಿಲ್ಲ.

ಅವಳು ಟ್ರೇ ಸರಿಸಿ, ಬಗ್ಗಿ, ಅವನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಪಕ್ಕಕ್ಕೆ ನೆಲದ ಮೇಲಿಟ್ಟಳು. ಅಪ್ಪ ಗಾಡಿ ಓಡಿಸುತ್ತಲೇ ಇದ್ದ.

"ಏನು ಬಿದ್ದುಹೋಯ್ತು? ಏನು ಹುಡುಕ್ತಾ ಇದ್ದೀಯ?" ಎಂದು ಕೇಳಿದ.

ಅವಳ ಸಂತೋಷ ಅಲ್ಲಿಗೆ ಸತ್ತಿತು.

"ಏನಿಲ್ಲಪ್ಪ. ಗಾಡಿ ನಿಲ್ಲಿಸು."

"ಇನ್ನೂ ಏಳು ಅಂಗಡಿ ಇದೆ."

"ನಿಲ್ಲಿಸು ಅಂದ್ನಲ್ಲ!"

ರಸ್ತೆಯ ಬದಿಗೆ ನಿಲ್ಲಿಸಿದ ಮೇಲೆ ಅವಳು ಆ ಕಡೆ ಬಂದು ಬಾಗಿಲು ತೆಗೆದು ಅವನ ಲೇಸು ಬಿಚ್ಚಿದಳು. ಎರಡೆರಡು ಗಂಟು. ಬೂಟಿನೊಳಗೆ ಹುಣಸೆಬೀಜದಷ್ಟು ದೊಡ್ಡ ಕಲ್ಲೊಂದಿತ್ತು. ಕಾಲುಚೀಲ ಅಂಗಾಲಿಗೆ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಬಿಡಿಸಿದಾಗ ಒಳಗಿನ ಗಾಯ ನಿನ್ನೆ ಮೊನ್ನೆಯದಾಗಿರಲಿಲ್ಲ.

ಅಪ್ಪ ಬೇರೆ ಯಾರದೋ ಕಾಲನ್ನು ನೋಡುವಂತೆ ಅದನ್ನು ನೋಡಿದ. "ಸ್ವಲ್ಪ ಮಂದ ಆಗಿದೆ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ" ಎಂದ.

"ಯಾವಾಗಿನಿಂದ?"

"ಚಪ್ಪಲಿ ಹೋದಾಗಿನಿಂದ. ಅದಕ್ಕೂ ಮುಂಚೆ ಇರಬಹುದು." ನಂತರ, "ನಿಮ್ಮಮ್ಮನಿಗೆ ಹೇಳಬೇಡ ಹಾರನ್" ಎಂದ. "ನಿನ್ನದೇ ಕಾಲು ಅಂತ ಇರಲಿ. ಇನ್ನು ಮೇಲೆ ನಾನು ನೋಡ್ಕೊಂಡು ಓಡಿಸ್ತೀನಿ. ಸೀಟಿನ ಕೆಳಗೆ ಮಡಚಿ ಇಟ್ಕೊತೀನಿ."

ಅವಳು ಅವನನ್ನು ಪಕ್ಕದ ಸೀಟಿಗೆ ದಾಟಿಸಿ, ಉಳಿದ ಏಳು ಅಂಗಡಿಗೆ ತಾನೇ ಓಡಿಸಿದಳು. ಆ ಏಳೂ ಕಡೆ ವಾಸನೆ ಬರಲಿಲ್ಲ. ಖಾಲಿ ಟ್ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ.

ಎರಡು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅಪ್ಪನ ಗಾಯಕ್ಕೆ ಗುಟ್ಟಾಗಿ ಔಷಧಿ ಹಚ್ಚಿದಳು, ಟ್ರೇ ನೆಪ ಮಾಡಿ ಬೆಳಿಗ್ಗೆ ಜೊತೆಗೆ ಹೋಗಿ ತಾನೇ ಓಡಿಸಿದಳು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ, "ಮೂಗಣ್ಣ ಒಬ್ಬ ಗಿರಾಕಿ ನೋಡಿದ್ದಾನೆ. ಇವಳ ಕಾಲಿನ ದೆಸೆಯಿಂದ ಅರ್ಧ ಬೆಲೆಗೆ ಹೋಗುತ್ತೆ" ಎಂದ.

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಬ್ರೆಡ್ ಮುರಿಯುತ್ತಿದ್ದ. ಅವನೇ ಹೇಳಲೆಂದು ಒಂದು ತುತ್ತು, ಎರಡು ತುತ್ತು ಕಾದಳು. ಹೇಳದೆ ಬಿಟ್ಟರೆ ನಾಳೆಯೋ ನಾಡಿದ್ದೋ ಅವಳಿಗಿಂತ ಮೊದಲೇ ಎದ್ದು ಒಬ್ಬನೇ ಹೊರಟುಬಿಡುವ ಆಸಾಮಿ ಅವನು. ದಾರಿಯಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತವೆ.

"ನನ್ನ ಕಾಲಲ್ಲ" ಎಂದಳು. "ಅಪ್ಪನ ಕಾಲು. ಅವನಿಗೆ ಎಡಗಾಲಲ್ಲಿ ಸ್ಪರ್ಶವೇ ಇಲ್ಲ."

ಆಮೇಲೆ ಆದ ಗಲಾಟೆಯನ್ನು ಪೂರ್ತಿ ಹೇಳಿದರೆ ಊಟ ಆರಿಹೋಗುತ್ತದೆ. ಅಪ್ಪ ತಟ್ಟೆ ತಳ್ಳಿದ. ಮನೆ ಸೇರಿಸಿಕೊಂಡದ್ದಕ್ಕೆ ಒಳ್ಳೇ ಬಹುಮಾನ ಕೊಟ್ಟೆ ಎಂದ. ಸ್ಟೀರಿಂಗ್ ಮೇಲೆ ಕಣ್ಣಿಟ್ಟು ಅಪ್ಪನನ್ನೇ ಕುಂಟನನ್ನಾಗಿ ಮಾಡುತ್ತಿದ್ದೀಯ ಎಂದ. ಮಗಳು ಅಳುತ್ತಾ ಅವನ ಬೂಟು ಕಿತ್ತು ಗಾಯ ತೋರಿಸಿದಳು. ಅಣ್ಣ ಎತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

ಅಮ್ಮ ಮಾತ್ರ ಬಾಗಿ ಆ ಅಂಗಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ಚಪ್ಪಲಿ ಕಥೆ ಹೇಳ್ಕೊಂಡು ಊರೆಲ್ಲ ನಕ್ಕೆನಲ್ಲ ನಾನು" ಎಂದಳು. "ನಾಳೇನೇ ಡಾಕ್ಟರ ಹತ್ರ ಹೋಗೋಣ. ಗಾಡಿ ಸಾಕು."

"ಯಾಕೆ ಸಾಕು? ಎಡಗಾಲು ಮಂದ, ಒಪ್ಕೊಂಡೆ. ಅದು ಬರೀ ಕ್ಲಚ್ಚಿಗೆ. ಹೆಚ್ಚು ಅಂದ್ರೆ ಪ್ಲೇಟು ಹೋಗುತ್ತೆ. ಬ್ರೇಕಿರೋದು ಬಲಗಾಲಿಗೆ. ಬಲಗಾಲು ಕಲ್ಲಿನ ಹಾಗಿದೆ."

"ಹೌದಾ? ಹಾಗಿದ್ರೆ ನೋಡೇಬಿಡೋಣ" ಎಂದಳು ಅಮ್ಮ.

ಬಡಿಸುವ ಚಮಚವನ್ನು ಸೆರಗಿಗೆ ಒರೆಸಿಕೊಂಡಳು. ಮೊಳೆಗೆ ನೇತು ಹಾಕಿದ್ದ ಟವೆಲ್ಲನ್ನು ಅಣ್ಣನಿಂದ ತರಿಸಿ ಅಪ್ಪನ ಕಣ್ಣಿಗೆ ಕಟ್ಟಿದಳು. ಅಪ್ಪ ಬೇಡವೆನ್ನಲಿಲ್ಲ. ಬಲಗಾಲಿನ ಬೂಟನ್ನು ತಾನೇ ಕಳಚಿ, ಗೆಲ್ಲುವವನ ಠೀವಿಯಲ್ಲಿ ಕಾಲು ಚಾಚಿದ.

"ನಾನು ಚಮಚದ ಹಿಡಿ ಒತ್ತೀನಿ. ಎಲ್ಲಿ ಅಂತ ಹೇಳಿ. ಸರಿಯಾಗಿ ಹೇಳಿದ್ರೆ ನಿಮ್ಮ ಗಾಡಿ ನಿಮಗೆ. ಇವರ್ಯಾರೂ ಬಾಯಿ ಬಿಡಲ್ಲ."

"ಮಾತು ತಪ್ಪಬಾರದು."

"ತಪ್ಪಲ್ಲ."

ಅಮ್ಮ ಚಮಚದ ಹಿಡಿಯನ್ನು ಹೆಬ್ಬೆರಳಿನ ಬುಡಕ್ಕೆ ಇಟ್ಟು ಒತ್ತಿದಳು. ಚರ್ಮ ಒಳಗೆ ಹೋಗಿ ಸುತ್ತ ಬೆಳ್ಳಗಾಯಿತು. ಇನ್ನೂ ಬಲವಾಗಿ ಒತ್ತಿದಳು, ಅವಳ ಕೈಯ ನರ ಎದ್ದು ಕಾಣುವಷ್ಟು. ಮಗಳು ಅಪ್ಪನ ಬಾಯನ್ನೇ ನೋಡಿದಳು. ಹೇಳಲಿ, ದೇವರೇ, ಹೆಬ್ಬೆರಳು ಅಂತ ಹೇಳಲಿ. ಆ ಸೀಟು ತನಗೆ ಬೇಡವೇ ಬೇಡ, ಹೇಳಿಬಿಡಲಿ.

ಅಪ್ಪ ಮುಖ ಮೇಲೆತ್ತಿ, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು ಕಾಯುತ್ತಿದ್ದ.

"ಹ್ಞೂಂ, ಶುರು ಮಾಡೇ. ಎಷ್ಟೊತ್ತು ಕಾಯಿಸ್ತೀಯ? ಒತ್ತು."

ಅಮ್ಮ ಹಿಡಿಯನ್ನು ಸಡಿಲಿಸಲಿಲ್ಲ.

"ಒತ್ತು ಅಂದ್ನಲ್ಲ."

"ಒತ್ತುತ್ತಾನೇ ಇದ್ದೀನಿ ರೀ" ಎಂದಳು ಅಮ್ಮ.

ಅಪ್ಪ ಟವೆಲ್ ಬಿಚ್ಚಲಿಲ್ಲ. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆಮೇಲೆ ಹೋಯಿತು. ಕೈಯನ್ನು ಅಂಗಿಯ ಜೇಬಿಗೆ ಹಾಕಿ ಗಾಡಿಯ ಕೀ ತೆಗೆದ. ಯಾರು ಎಲ್ಲಿ ಕೂತಿದ್ದಾರೆಂದು ಕಾಣದೆ ಅದನ್ನು ಸುಮ್ಮನೆ ಮುಂದಕ್ಕೆ ಚಾಚಿ ಹಿಡಿದ. ಮಗಳು ಎದುರಿಗೇ ಇದ್ದಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಪ್ಪನ ತೋಳು ಸೋತು ಇಳಿಯತೊಡಗುವವರೆಗೂ ಅವಳಿಂದ ಅದನ್ನು ತೆಗೆದುಕೊಳ್ಳಲಾಗಲಿಲ್ಲ.